ಮೊದಲ ಪಾವು ಮಗುವಿಗೆ

ಹಾಲಿನ ಬೆಲೆ ಏರಿತೆಂದರೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಪಟ್ಟಣದ ಗೃಹಿಣಿ “ಇನ್ನು ಮಕ್ಕಳಿಗೆ ಹಾಲು ಕೊಟ್ಟ ಹಾಗೆಯೇ!” ಎಂದು ನಿಟ್ಟುಸಿರು ಬಿಡುತ್ತಾಳೆ. ಹಳ್ಳಿಯಲ್ಲಿ ಹಸು ಕಟ್ಟಿದ ರೈತ, “ಹಿಂಡಿ ಬೂಸದ ಬೆಲೆ ಏರಿದಾಗ ಯಾರೂ ಕೇಳಲಿಲ್ಲ. ಹಾಲಿಗೆ ಎರಡು ರೂಪಾಯಿ ಹೆಚ್ಚಾದರೆ ಊರೆಲ್ಲ ಗುಲ್ಲು” ಎನ್ನುತ್ತಾನೆ. ಇಬ್ಬರ ಮಾತಿನಲ್ಲಿಯೂ ಸತ್ಯಾಂಶವಿದೆ. ಆದರೆ ಇಬ್ಬರೂ ಮರೆತಿರುವ ಒಬ್ಬರಿದ್ದಾರೆ. ಹಸುವನ್ನು ಕಟ್ಟುವ ಅನುಕೂಲವಿಲ್ಲದ, ಹಾಲನ್ನು ಕೊಳ್ಳುವ ಶಕ್ತಿಯೂ ಇಲ್ಲದ ಮನೆಯ ಎರಡು ವರ್ಷದ ಮಗು ಅದು. ಆ ಮಗು ಸಂಘದ ಸಭೆಗೆ ಬರುವುದಿಲ್ಲ, ಪತ್ರಿಕೆಗೆ ಬರೆಯುವುದಿಲ್ಲ. ಅದರ ಪರವಾಗಿ ನಾಲ್ಕು ಮಾತು ಹೇಳುವುದು ಈ ಲೇಖನದ ಉದ್ದೇಶ.

ನಾನು ಬೇಸಾಯಶಾಸ್ತ್ರದವನು, ವೈದ್ಯನಲ್ಲ. ಆದರೂ ಹಾಲು ಹುಟ್ಟುವುದು ಮೇವಿನಿಂದ, ಮೇವು ಹುಟ್ಟುವುದು ಹೊಲದಲ್ಲಿ. ಆದುದರಿಂದ ಮಗುವಿನ ಬಟ್ಟಲಿಗೂ ರೈತನ ಹೊಲಕ್ಕೂ ಇರುವ ಸಂಬಂಧವನ್ನು ಕುರಿತು ಮಾತನಾಡುವ ಹೊಣೆ ನಮ್ಮಂಥವರ ಮೇಲೂ ಇದೆಯೆಂದು ಭಾವಿಸಿದ್ದೇನೆ.

ಬೆಲೆ ಏಕೆ ಏರಿತು?

ಮೊದಲಿಗೆ ಲೆಕ್ಕವನ್ನು ನೋಡೋಣ. ಕರ್ನಾಟಕದಲ್ಲಿ ನಂದಿನಿ ಟೋನ್ಡ್ ಹಾಲಿನ ಬೆಲೆ 2022ರ ನವೆಂಬರ್ ತಿಂಗಳವರೆಗೆ ಲೀಟರಿಗೆ 37 ರೂ. ಇತ್ತು. ಆ ತಿಂಗಳಲ್ಲಿ ಅದು 39 ರೂ. ಆಯಿತು. 2023ರ ಆಗಸ್ಟ್‌ನಲ್ಲಿ 42 ರೂ. ಆಯಿತು. 2025ರ ಏಪ್ರಿಲ್ 1ರಿಂದ 46 ರೂ. ಆಯಿತು. ಆಗ ಹೆಚ್ಚಿಸಿದ 4 ರೂ. ಉತ್ಪಾದಕರಿಗೇ ಸೇರತಕ್ಕದ್ದೆಂದು ಸರ್ಕಾರ ಪ್ರಕಟಿಸಿತು. ಒಟ್ಟಿನಲ್ಲಿ ಎರಡೂವರೆ ವರ್ಷದೊಳಗೆ ಲೀಟರಿಗೆ 9 ರೂ. ಏರಿತು.

ಈ ಅವಧಿಯಲ್ಲಿ ರೈತ ಅನುಭವಿಸಿದ್ದೇನು ಎಂಬುದನ್ನೂ ನೆನೆಯಬೇಕು. 2022ರಲ್ಲಿ ಚರ್ಮಗಂಟು ರೋಗ ನಮ್ಮ ಕೊಟ್ಟಿಗೆಗಳನ್ನು ಹೊಕ್ಕಿತು. ಅನೇಕ ಹಸುಗಳು ಸತ್ತವು; ಬದುಕುಳಿದವುಗಳಲ್ಲಿ ಹಲವು ಹಾಲು ಕಡಿಮೆ ಮಾಡಿದವು. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳ ಪೈಕಿ 223 ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಬೇಕಾಯಿತು. ರಾಗಿ ಹುಲ್ಲಿನ ಮೆದೆಗಳು ಬೇಸಿಗೆಗೆ ಮುಂಚೆಯೇ ಕರಗಿದವು. ಹಾಲಿನ ಉತ್ಪಾದನಾ ವೆಚ್ಚದಲ್ಲಿ ಮೂರರಲ್ಲಿ ಎರಡು ಪಾಲು ಮೇವು ಮತ್ತು ಪಶು ಆಹಾರಕ್ಕೇ ಹೋಗುತ್ತದೆ. ಹೀಗಿರುವಾಗ ಹಾಲಿನ ಬೆಲೆ ನಿಂತಲ್ಲೇ ನಿಲ್ಲಲಿ ಎಂದರೆ ಹಸುವನ್ನು ಮಾರಿಬಿಡು ಎಂದು ಹೇಳಿದಂತೆಯೇ ಸರಿ. ಸಂಘಕ್ಕೆ ಹಾಲು ಹಾಕುವವರಲ್ಲಿ ಬಹುಪಾಲು ಒಂದೆರಡು ಹಸುಗಳ ಸಣ್ಣ ರೈತರು. ಅವರಿಗೂ ಮಕ್ಕಳಿದ್ದಾರೆ.

ಈಗ ಇನ್ನೊಂದು ಕಡೆಯ ಲೆಕ್ಕ. ಒಂದು ಮಗುವಿಗೆ ದಿನಕ್ಕೆ ಕಾಲು ಲೀಟರು, ಅಂದರೆ ನಮ್ಮ ಹಿರಿಯರ ಅಳತೆಯಲ್ಲಿ ಸುಮಾರು ಒಂದು ಪಾವು ಹಾಲು ಕೊಡಬೇಕೆಂದಿಟ್ಟುಕೊಳ್ಳಿ. 37 ರೂ. ಇದ್ದಾಗ ತಿಂಗಳಿಗೆ 277 ರೂ. 50 ಪೈಸೆ ಆಗುತ್ತಿತ್ತು. 46 ರೂ. ಆದಾಗ 345 ರೂ. ಆಗುತ್ತದೆ. ಹೆಚ್ಚಳ 67 ರೂ. 50 ಪೈಸೆ. ಎರಡು ಮಕ್ಕಳಿದ್ದರೆ 135 ರೂ. ಸಂಬಳದಾರರ ಮನೆಯಲ್ಲಿ ಇದು ಗೊಣಗಾಟಕ್ಕೆ ಕಾರಣವಾಗುತ್ತದೆಯೇ ಹೊರತು ಹಾಲು ನಿಲ್ಲುವುದಿಲ್ಲ. ಆದರೆ ಕೂಲಿ ಸಿಕ್ಕಿದ ದಿನ ಒಲೆ ಹಚ್ಚುವ ಮನೆಯಲ್ಲಿ ನಡೆಯುವುದೇ ಬೇರೆ. ಅಲ್ಲಿ ಬೆಲೆ ಏರಿದಾಗ ಮೊದಲು ಹಾಲಿಗೆ ನೀರು ಹೆಚ್ಚುತ್ತದೆ. ಆಮೇಲೆ ಅರ್ಧ ಲೀಟರಿನ ಪ್ಯಾಕೆಟ್ಟು ಎರಡು ದಿನಕ್ಕೊಮ್ಮೆ ಬರುತ್ತದೆ. ಕೊನೆಗೆ ಬರುವಷ್ಟು ಹಾಲು ಟೀಗೆ ಮಾತ್ರ ಸಾಲುತ್ತದೆ. ಟೀ ಕುಡಿದ ಮಗು ಅಳು ನಿಲ್ಲಿಸುತ್ತದೆ. ಆದರೆ ಬೆಳೆಯುವುದಿಲ್ಲ.

ನಾನು ಮಾಡಿದ ತಪ್ಪು

ಸುಮಾರು ಹನ್ನೆರಡು ವರ್ಷಗಳ ಹಿಂದೆ ಹಳೆಯ ಮೈಸೂರು ಸೀಮೆಯ ಒಣಭೂಮಿಯ ಹಳ್ಳಿಯೊಂದರಲ್ಲಿ ಕ್ಷೇತ್ರೋತ್ಸವ ನಡೆಯಿತು. ಅಲ್ಲಿನ ಸಣ್ಣ ರೈತರೊಬ್ಬರು ಎರಡು ಮಿಶ್ರತಳಿ ಹಸುಗಳಿಂದ ದಿನಕ್ಕೆ 14 ಲೀಟರು ಹಾಲನ್ನು ಸಂಘಕ್ಕೆ ಹಾಕುತ್ತಿದ್ದರು. ನಾನು ವೇದಿಕೆಯ ಮೇಲೆ ಅವರನ್ನು ಬಹಳವಾಗಿ ಹೊಗಳಿದೆ. “ಒಂದು ತೊಟ್ಟೂ ಪೋಲಾಗದಂತೆ ಹಾಲನ್ನೆಲ್ಲ ಸಂಘಕ್ಕೆ ಹಾಕುವ ಇವರನ್ನು ನೋಡಿ ಕಲಿಯಿರಿ” ಎಂದೂ ಹೇಳಿದೆ. ಸಭೆ ಚಪ್ಪಾಳೆ ತಟ್ಟಿತು.

ಸಭೆ ಮುಗಿದ ಮೇಲೆ ಅವರ ಮನೆಗೆ ಹೋದೆ. ಅಜ್ಜಿಯೊಬ್ಬರು ಜಗಲಿಯ ಮೇಲೆ ಮೊಮ್ಮಗಳನ್ನು ಕೂರಿಸಿಕೊಂಡಿದ್ದರು. ಮಗುವಿಗೆ ಎರಡು ವರ್ಷ ತುಂಬಿತ್ತೆಂದರು. ನೋಡಿದರೆ ವರ್ಷದ ಕೂಸಿನಂತಿತ್ತು. ನನ್ನನ್ನು ಕಂಡು ಅವರಿಗೆ ಸಂಕೋಚವಾಯಿತು. “ಎಲ್ಲಾ ಡೇರಿಗೆ ಹಾಕ್ಬುಟ್ವಿ ಸ್ವಾಮಿ. ಸಂಜೆ ಕರೆದ ಮ್ಯಾಕೆ ಬಂದ್ರೆ ಕಾಪಿ ಕೊಡ್ತೀನಿ. ಮಗೀಗೂ ಬರೀ ಟೀ ಕಾಸಿ ಕೊಟ್ಟಿವ್ನಿ” ಎಂದರು. ಕೊಟ್ಟಿಗೆಯಲ್ಲಿ ಎರಡು ಹಸು. ಲೋಟದಲ್ಲಿ ಹಾಲಿಲ್ಲದ ಟೀ. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ಅಂದು ಕಣ್ಣಾರೆ ಕಂಡೆ. ಅವರ ಮನೆಯವರದು ತಪ್ಪಲ್ಲ. ಸಾಲದ ಕಂತಿಗೆ, ಹಿಂಡಿಯ ಬಾಕಿಗೆ ಹಾಲಿನ ಬಟವಾಡೆಯೇ ಆಧಾರ. ತಪ್ಪು ನನ್ನದು. ಒಂದು ತೊಟ್ಟೂ ಉಳಿಸಿಕೊಳ್ಳದಿರುವುದನ್ನು ಸಾಧನೆಯೆಂದು ಸಾರಿದವನು ನಾನು. ಅಂದಿನಿಂದ ಯಾವ ಸಭೆಯಲ್ಲಿಯೂ ಆ ಮಾತನ್ನು ಆಡಿಲ್ಲ.

ನನ್ನ ಬಾಲ್ಯದಲ್ಲಿ ಪರಿಸ್ಥಿತಿ ಬೇರೆಯಾಗಿತ್ತು. ನಮ್ಮ ಅಜ್ಜಿ ಬೆಳಗ್ಗೆ ಮೊಸರು ಕಡೆದು ಬೆಣ್ಣೆ ತೆಗೆದುಕೊಂಡರೆ, ಮಜ್ಜಿಗೆ ಕೊಂಡುಹೋಗಲು ಕೇರಿಯ ನಾಲ್ಕೈದು ಮನೆಗಳಿಂದ ಚೆಂಬು ಹಿಡಿದು ಮಕ್ಕಳು ಬರುತ್ತಿದ್ದರು. ಮಜ್ಜಿಗೆಯನ್ನು ಮಾರುವುದು ಅವಮಾನವೆಂದು ಅಜ್ಜಿಯ ಭಾವನೆ. ಬೆಣ್ಣೆ ಹೋದರೂ ಮಜ್ಜಿಗೆಯಲ್ಲಿ ಹಾಲಿನ ಪ್ರೋಟೀನು, ಸುಣ್ಣದ ಅಂಶ ಉಳಿದಿರುತ್ತವೆ. ಹಸುವಿಲ್ಲದವರ ಮಕ್ಕಳಿಗೆ ಹೀಗೆ ಹಾಲಿನ ಸತ್ವದಲ್ಲಿ ಒಂದು ಪಾಲು ಸಿಗುತ್ತಿತ್ತು. ಸಂಘಗಳು ಬಂದ ಮೇಲೆ ಹಾಲು ಹಾಲಾಗಿಯೇ ಊರು ಬಿಟ್ಟಿತು. ರೈತನ ಕೈಗೆ ಹಣ ಬಂತು, ಅದು ದೊಡ್ಡ ಉಪಕಾರ. ಆದರೆ ಕಡೆಗೋಲು ಮೂಲೆ ಸೇರಿತು, ಕೇರಿಯ ಚೆಂಬು ಬರಿದಾಯಿತು. ಈ ನಷ್ಟವನ್ನು ಯಾವ ಲೆಕ್ಕದ ಪುಸ್ತಕದಲ್ಲಿಯೂ ಬರೆಯಲಿಲ್ಲ. ಆ ಕಾಲದಲ್ಲಿ ಚೆಂಬು ಹಿಡಿದು ಅಂಗಳದಲ್ಲಿ ಕಾಯುವವರ ಮನಸ್ಸಿಗೆ ಏನನ್ನಿಸುತ್ತಿತ್ತೋ. ಆದುದರಿಂದ ಹಳೆಯದೇ ಮರಳಿ ಬರಲಿ ಎಂದು ನಾನು ಹೇಳುವುದಿಲ್ಲ. ಹೋದ ಪಾಲಿನ ಬದಲಿಗೆ ಗೌರವದ ಇನ್ನೊಂದು ಪಾಲು ಬರಬೇಕು ಎಂದಷ್ಟೇ ಹೇಳುತ್ತೇನೆ.

ಸರಾಸರಿಯ ಮೋಸ

1970ರಲ್ಲಿ ಕ್ಷೀರಧಾರೆ ಕಾರ್ಯಕ್ರಮ ಆರಂಭವಾದಾಗ ದೇಶದ ಹಾಲಿನ ಉತ್ಪಾದನೆ ವರ್ಷಕ್ಕೆ ಸುಮಾರು 220 ಲಕ್ಷ ಟನ್ ಇತ್ತು. 2023-24ರಲ್ಲಿ ಅದು 2,393 ಲಕ್ಷ ಟನ್‌ಗೆ ಮುಟ್ಟಿತು. ಆ ವರ್ಷ ತಲೆಗೆ ದಿನಕ್ಕೆ 471 ಗ್ರಾಂ ಹಾಲು ದೊರೆಯಿತೆಂದು ಲೆಕ್ಕ. ಇದು ಹೆಮ್ಮೆಪಡಬೇಕಾದ ಸಾಧನೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಸರಾಸರಿ ಹಾಲನ್ನು ಯಾರೂ ಕುಡಿಯುವುದಿಲ್ಲ. ಒಂದು ಮನೆಯಲ್ಲಿ ಹಾಲು, ಮೊಸರು, ತುಪ್ಪ, ಸಿಹಿತಿಂಡಿಯ ರೂಪದಲ್ಲಿ ತಲೆಗೆ ಒಂದು ಲೀಟರು ಖರ್ಚಾದರೆ, ಇನ್ನೊಂದು ಮನೆಯಲ್ಲಿ ಏನೂ ಇಲ್ಲದಿದ್ದರೂ ಸರಾಸರಿ ಅರ್ಧ ಲೀಟರೇ!

ನಿಜ ತಿಳಿಯಬೇಕಾದರೆ ಮಕ್ಕಳನ್ನು ತೂಗಿ ಅಳೆದು ನೋಡಬೇಕು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ. 33 ಮಕ್ಕಳಿಗೆ ವಯಸ್ಸಿಗೆ ತಕ್ಕ ತೂಕವಿರಲಿಲ್ಲ. ಆರು ತಿಂಗಳಿನಿಂದ ಐದು ವರ್ಷದವರೆಗಿನ ಮಕ್ಕಳಲ್ಲಿ ಶೇಕಡ 65ಕ್ಕಿಂತ ಹೆಚ್ಚು ಮಂದಿಗೆ ರಕ್ತಹೀನತೆ ಇತ್ತು. ನಂದಿನಿಯಂತಹ ಹಾಲಿನ ಜಾಲವಿರುವ, ರಾಗಿಯ ಕಣಜವೆನಿಸಿದ ರಾಜ್ಯದ ಸ್ಥಿತಿ ಇದು.

ಹಾಲು ಏಕೆ ಬೇಕು, ಎಷ್ಟು ಬೇಕು?

ಕಾಲು ಲೀಟರು ಹಾಲಿನಲ್ಲಿ ಸುಮಾರು 8 ಗ್ರಾಂ ಪ್ರೋಟೀನು, ಸುಮಾರು 300 ಮಿ.ಗ್ರಾಂ. ಸುಣ್ಣದ ಅಂಶ ಇರುತ್ತವೆ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಬೇಕಾಗುವ ಸುಣ್ಣದ ಅಂಶ 500 ಮಿ.ಗ್ರಾಂ. ಅದಲ್ಲದೆ ಹಾಲಿನ ಪ್ರೋಟೀನು ಉತ್ತಮ ದರ್ಜೆಯದು; ಏಕದಳ ಧಾನ್ಯಗಳಲ್ಲಿ ಕೊರತೆಯಿರುವ ಲೈಸೀನ್ ಅದರಲ್ಲಿ ಹೇರಳವಾಗಿದೆ. ಸಸ್ಯಾಹಾರದಲ್ಲಿ ಸಿಗದ ಬಿ-12 ಜೀವಸತ್ವವೂ ಇದೆ. ಈ ವಿಷಯ ಹೊಸದೇನಲ್ಲ. 1930ರ ದಶಕದಲ್ಲಿಯೇ ಕೂನೂರಿನ ಪ್ರಯೋಗಾಲಯದ ಡಾ. ಆಕ್ರಾಯ್ಡ್ ಮತ್ತು ಕೃಷ್ಣನ್ ಅವರು ಶಾಲಾ ಮಕ್ಕಳಿಗೆ ದಿನವೂ ಕೆನೆ ತೆಗೆದ ಹಾಲಿನ ಪುಡಿಯಿಂದ ಮಾಡಿದ ಹಾಲು ಕೊಟ್ಟು, ಅದನ್ನು ಪಡೆಯದ ಮಕ್ಕಳಿಗಿಂತ ಅವರ ಎತ್ತರವೂ ತೂಕವೂ ಹೆಚ್ಚಿದ್ದನ್ನು ತೋರಿಸಿದ್ದರು. ಆ ಪ್ರಯೋಗಾಲಯವೇ ಮುಂದೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು.

ಹಾಗೆಂದು ಹಾಲೇ ಸರ್ವಸ್ವವಲ್ಲ. ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲಲ್ಲದೆ ಬೇರೇನೂ ಬೇಡ, ನೀರು ಸಹ ಬೇಡ. ಆರು ತಿಂಗಳ ನಂತರ ಮೆತ್ತನೆಯ ಆಹಾರವನ್ನು ಆರಂಭಿಸಿ, ಎರಡು ವರ್ಷದವರೆಗೂ ತಾಯಿಯ ಹಾಲನ್ನು ಮುಂದುವರಿಸಬೇಕು. ಒಂದು ವರ್ಷ ತುಂಬುವ ಮುನ್ನ ಹಸುವಿನ ಹಾಲನ್ನು ಮುಖ್ಯ ಪಾನೀಯವಾಗಿ ಕೊಡಬಾರದು. ಅದರಲ್ಲಿ ಕಬ್ಬಿಣದ ಅಂಶ ತೀರ ಕಡಿಮೆ, ಎಳೆಯ ಕರುಳಿಗೂ ಅದು ಒಗ್ಗುವುದಿಲ್ಲ. ವರ್ಷ ತುಂಬಿದ ಮಗುವಿಗೆ ಕಾಲು ಲೀಟರಿನಿಂದ ಅರ್ಧ ಲೀಟರು ಸಾಕು. ಬರಿಯ ಹಾಲನ್ನೇ ಕುಡಿಸಿ ಅನ್ನ, ಕಾಳು, ಸೊಪ್ಪು ಬಿಡಿಸಿದರೆ ರಕ್ತಹೀನತೆ ಬರುತ್ತದೆ. ನೀರು ಬೆರೆಸಿದ ಹಾಲನ್ನು ತೊಳೆಯದ ಸೀಸೆಯಲ್ಲಿ ಕುಡಿಸುವುದಂತೂ ಭೇದಿಗೆ ದಾರಿ.

ಅಗ್ಗದ ಹಾಲಿನ ಹಳೆಯ ಪ್ರಯತ್ನಗಳು

ಬಡವರ ಮಕ್ಕಳಿಗೆ ಹಾಲು ಕೈಗೆಟುಕಬೇಕೆಂಬ ಯೋಚನೆ ನಮ್ಮ ದೇಶದಲ್ಲಿ ಹಿಂದಿನಿಂದಲೂ ಇದೆ. ಟೋನ್ಡ್ ಹಾಲು ಹುಟ್ಟಿದ್ದೇ ಅದಕ್ಕಾಗಿ. ಮುಂಬಯಿಯ ದಾರಾ ಖುರೋಡಿಯವರು 1940ರ ದಶಕದಲ್ಲಿ ಎಮ್ಮೆಯ ಗಟ್ಟಿ ಹಾಲಿಗೆ ನೀರು ಮತ್ತು ಕೆನೆರಹಿತ ಹಾಲಿನ ಪುಡಿ ಸೇರಿಸಿ, ಕೊಬ್ಬನ್ನು ಇಳಿಸಿ, ಪ್ರೋಟೀನು ಕುಂದದಂತೆ ನೋಡಿಕೊಂಡು, ಕಡಿಮೆ ಬೆಲೆಯ ಹಾಲನ್ನು ತಯಾರಿಸಿದರು. 1963ರಲ್ಲಿ ಕುರಿಯನ್ ಮತ್ತು ತ್ರಿಭುವನದಾಸ ಪಟೇಲರೊಡನೆ ಅವರಿಗೂ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಡಲೆಕಾಯಿಯ ಪ್ರೋಟೀನನ್ನು ಹಾಲಿಗೆ ಸೇರಿಸಿ ‘ಮಿಲ್ಟೋನ್’ ಎಂಬ ಪಾನೀಯವನ್ನು ರೂಪಿಸಿದರು. ಇಂದು ಅದು ಅಂಗಡಿಯಲ್ಲಿ ಕಾಣುವುದಿಲ್ಲ. ಬಡವರಿಗೆಂದು ಹುಟ್ಟಿದ ಟೋನ್ಡ್ ಹಾಲೋ ಎಲ್ಲರ ಹಾಲಾಯಿತು. ಈಗ ಅದರ ಬೆಲೆಯೇ ಬಡವರ ಕೈಮೀರುತ್ತಿದೆ. ಯಂತ್ರದಿಂದ ಹಾಲನ್ನು ಸ್ವಲ್ಪ ಅಗ್ಗ ಮಾಡಬಹುದು. ಬಡತನವನ್ನು ಸರಿದೂಗಿಸುವ ಕೆಲಸವನ್ನು ಯಂತ್ರ ಮಾಡಲಾರದು.

ಯಾರು ಕೊಡಬೇಕು?

ಇಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ. ಬಡ ಮಗುವಿನ ಹೆಸರಿನಲ್ಲಿ ಹಾಲಿನ ಬೆಲೆಯನ್ನು ಅದುಮಿಡುವುದು ನ್ಯಾಯವಲ್ಲ. ಹಾಗೆ ಮಾಡಿದರೆ ಉಳ್ಳವರ ಕಾಫಿಗೂ ಸಣ್ಣ ರೈತನೇ ಸಹಾಯಧನ ಕೊಟ್ಟಂತಾಗುತ್ತದೆ. ರೈತನಿಗೆ ಅವನ ವೆಚ್ಚಕ್ಕೆ ತಕ್ಕ ಬೆಲೆ ಸಿಗಲಿ. ಮಗುವಿನ ಹಾಲಿನ ಬೆಲೆಯನ್ನು ಸಾರ್ವಜನಿಕ ಬೊಕ್ಕಸ ಕೊಡಲಿ. ಇದು ಸಾಧ್ಯವೆಂಬುದನ್ನು ಕರ್ನಾಟಕ ಈಗಾಗಲೇ ತೋರಿಸಿದೆ. 2008ರಲ್ಲಿ ಉತ್ಪಾದಕರಿಗೆ ಲೀಟರಿಗೆ 2 ರೂ. ಪ್ರೋತ್ಸಾಹಧನ ಆರಂಭವಾಯಿತು, 2013ರಲ್ಲಿ ಅದು 4 ರೂ. ಆಯಿತು. ಅದೇ 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲೆ ಮತ್ತು ಅಂಗನವಾಡಿಯ ಮಕ್ಕಳಿಗೆ 18 ಗ್ರಾಂ ಹಾಲಿನ ಪುಡಿಯಿಂದ 150 ಮಿ.ಲೀ. ಹಾಲನ್ನು ಮಾಡಿಕೊಡುವ ವ್ಯವಸ್ಥೆಯಾಯಿತು. ಮಾರಾಟವಾಗದೆ ಉಳಿದ ಹಾಲಿಗೆ ದಾರಿಯೂ ಆಯಿತು, ಮಕ್ಕಳ ಹೊಟ್ಟೆಗೂ ಬಿತ್ತು. ರೈತನ ಹಿತ ಮತ್ತು ಮಗುವಿನ ಹಿತ ಒಂದಕ್ಕೊಂದು ವಿರೋಧವಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಆದರೆ ಇಲ್ಲೊಂದು ದೊಡ್ಡ ಕಂಡಿ ಇದೆ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಆರಂಭವಾದಾಗ ನಮ್ಮ ರಾಜ್ಯದಲ್ಲಿ ಅದರ ಮೊದಲ ಯೋಜನೆ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿತ್ತು. ಅಂದಿನಿಂದಲೂ ಅಂಗನವಾಡಿಗೆ ನಡೆದು ಬಂದು ಕುಳಿತು ಉಣ್ಣುವ ಮಗು ಮೂರು ವರ್ಷ ದಾಟಿದ್ದು. ಅದಕ್ಕಿಂತ ಚಿಕ್ಕ ಮಗುವಿಗೆ ಮನೆಗೆ ಒಯ್ಯುವ ಹಿಟ್ಟು, ಧಾನ್ಯ ಸಿಗುತ್ತದೆ. ಆ ಪೊಟ್ಟಣ ಮನೆಮಂದಿಗೆಲ್ಲ ಹಂಚಿಹೋಗುತ್ತದೆ. ಆರು ತಿಂಗಳಿನಿಂದ ಎರಡು ವರ್ಷದವರೆಗಿನ ಅವಧಿಯಲ್ಲಿ ಕುಂಠಿತವಾದ ಬೆಳವಣಿಗೆಯನ್ನು ಆಮೇಲೆ ಪೂರ್ತಿಯಾಗಿ ಸರಿಪಡಿಸುವುದು ಬಹು ಕಷ್ಟ. ಪೈರು ಮೊಳೆತ ಮೊದಲ ವಾರಗಳಲ್ಲಿ ಸೊರಗಿದರೆ ತೆನೆ ಕಟ್ಟುವಾಗ ಎಷ್ಟು ಗೊಬ್ಬರ ಸುರಿದರೂ ಫಲವಿಲ್ಲವೆಂಬುದು ರೈತರಿಗೆ ನಾನು ಹೇಳಬೇಕಾದ ಮಾತಲ್ಲ. ಆದುದರಿಂದ ಒಂದರಿಂದ ಮೂರು ವರ್ಷದ ಬಡ ಮಕ್ಕಳಿಗೆ ದಿನಕ್ಕೆ ಕಾಲು ಲೀಟರು ಹಾಲು ಅವರ ಊರಿನ ಹಾಲು ಸಂಘದಿಂದಲೇ ಚೀಟಿಯ ಮೇಲೆ ಸಿಗುವಂತಾಗಬೇಕು. ಹಣವನ್ನು ಸರ್ಕಾರ ಸಂಘಕ್ಕೆ ಕಟ್ಟಲಿ. ಊರಿನ ಹಾಲು ಪಟ್ಟಣಕ್ಕೆ ಹೋಗಿ, ಪುಡಿಯಾಗಿ, ಮರಳಿ ಊರಿಗೆ ಬರುವ ಖರ್ಚಾದರೂ ಉಳಿಯುತ್ತದೆ.

ಸರ್ಕಾರ ಮಾಡುವವರೆಗೆ ಕಾಯಬೇಕಿಲ್ಲ. ನೂರು ಸದಸ್ಯರ ಸಂಘದಲ್ಲಿ ಪ್ರತಿಯೊಬ್ಬರೂ ದಿನಕ್ಕೆ 50 ಮಿ.ಲೀ. ಹಾಲು ಬಿಟ್ಟುಕೊಟ್ಟರೆ 5 ಲೀಟರು ಆಗುತ್ತದೆ. ಅದು 20 ಮಕ್ಕಳಿಗೆ ಸಾಕು. ಒಬ್ಬೊಬ್ಬರಿಗೆ ತಗಲುವ ವೆಚ್ಚ ದಿನಕ್ಕೆ ಸುಮಾರು ಎರಡು ರೂಪಾಯಿ. ಅದೂ ಹೊರೆಯೆನಿಸಿದರೆ ಸಂಘದ ಲಾಭದಲ್ಲಿ ಒಂದು ಪಾಲನ್ನು ಸರ್ವಸದಸ್ಯರ ಸಭೆಯಲ್ಲಿ ಇದಕ್ಕೆಂದು ತೆಗೆದಿಡಬಹುದು. ಇದನ್ನು ದಾನವೆಂದು ಕರೆಯಬೇಡಿ. ನಮ್ಮ ಹೊಲದಲ್ಲಿ ಕಳೆ ಕೀಳುವ, ನಾಟಿ ಹಾಕುವ, ಮೇವು ಕೊಯ್ಯುವ ಕೈಗಳ ಮಕ್ಕಳಿವು. ಆ ಮೇವಿನ ಹಾಲಿನಲ್ಲಿ ಅವರಿಗೂ ಪಾಲಿದೆ.

ಹೊಲದಲ್ಲಿ ಮಾಡಬೇಕಾದುದು

ಇನ್ನು ನನ್ನ ಶಾಸ್ತ್ರದ ಮಾತು. ಹಾಲಿನ ವೆಚ್ಚ ಇಳಿದರೆ ರೈತನಿಗೂ ಉಸಿರಾಡಲು ಅವಕಾಶ, ಮಗುವಿಗೆ ಉಳಿಸಲೂ ಅವಕಾಶ. ಕೊಂಡು ತರುವ ಹಿಂಡಿಯ ಮೇಲಿನ ಅವಲಂಬನೆಯೇ ಇಂದು ದುಬಾರಿಯಾಗಿರುವುದು. ಪ್ರತಿ ಎರಡೂವರೆ ಲೀಟರು ಹಾಲಿಗೆ ಒಂದು ಕಿ.ಗ್ರಾಂ. ಪಶು ಆಹಾರ ಎಂಬುದು ವಾಡಿಕೆಯ ಲೆಕ್ಕ. ಆದರೆ ಅಲಸಂದೆ, ಕುದುರೆ ಮೆಂತೆಯಂತಹ ದ್ವಿದಳ ಹಸಿರು ಮೇವು ಸುಮಾರು 8ರಿಂದ 10 ಕಿ.ಗ್ರಾಂ. ಕೊಟ್ಟರೆ ಒಂದು ಕಿ.ಗ್ರಾಂ. ಪಶು ಆಹಾರವನ್ನು ಉಳಿಸಬಹುದು.

ನೀರಾವರಿಯ ಅನುಕೂಲವಿರುವವರು ಹಸುವೊಂದಕ್ಕೆ ಐದು ಗುಂಟೆ ಜಾಗವನ್ನು ಹೈಬ್ರಿಡ್ ನೇಪಿಯರ್ ಹುಲ್ಲಿಗೆ ಮೀಸಲಿಡಲಿ. ಸರಿಯಾಗಿ ಗೊಬ್ಬರ, ನೀರು ಕೊಟ್ಟರೆ ಎಕರೆಗೆ ವರ್ಷಕ್ಕೆ 80 ಟನ್ ಹಸಿರು ಮೇವು ಕಷ್ಟವಲ್ಲ. ಅಂದರೆ ಐದು ಗುಂಟೆಯಿಂದ ದಿನಕ್ಕೆ ಸರಾಸರಿ 27 ಕಿ.ಗ್ರಾಂ.; ಒಂದು ಮಿಶ್ರತಳಿ ಹಸುವಿಗೆ ಅದು ಸಾಕು. ಮಳೆಯಾಶ್ರಯದಲ್ಲಿರುವವರು ಮೇವಿನ ಜೋಳ ಅಥವಾ ಮುಸುಕಿನ ಜೋಳದ ಸಾಲುಗಳ ನಡುವೆ ಅಲಸಂದೆ ಬಿತ್ತಲಿ. ಬದುಗಳ ಮೇಲೆ ಚೊಗಚೆ, ಗ್ಲಿರಿಸಿಡಿಯ ನೆಡಲಿ. ಬತ್ತದ ಹುಲ್ಲನ್ನು ಹಾಗೆಯೇ ಹಾಕುವ ಬದಲು, 100 ಕಿ.ಗ್ರಾಂ. ಹುಲ್ಲಿಗೆ 4 ಕಿ.ಗ್ರಾಂ. ಯೂರಿಯಾವನ್ನು 50ರಿಂದ 60 ಲೀಟರು ನೀರಿನಲ್ಲಿ ಪೂರ್ತಿಯಾಗಿ ಕರಗಿಸಿ ಪದರ ಪದರವಾಗಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟು, ಆಮೇಲೆ ತೆರೆದು ಆರಿಸಿ ತಿನ್ನಿಸಬೇಕು. ಯೂರಿಯಾ ನೀರು ದನಗಳ ಬಾಯಿಗೆ ಸಿಗದಂತೆ ಎಚ್ಚರ ಅಗತ್ಯ. ಆರು ತಿಂಗಳೊಳಗಿನ ಕರುಗಳಿಗೆ ಈ ಹುಲ್ಲು ಬೇಡ.

ನಾವು ವಿಜ್ಞಾನಿಗಳೂ ತಿದ್ದಿಕೊಳ್ಳಬೇಕಾದುದುಂಟು. ತಳಿಯನ್ನು ಆರಿಸುವಾಗ ಕಾಳನ್ನು ತೂಗುವಷ್ಟೇ ಶ್ರದ್ಧೆಯಿಂದ ಹುಲ್ಲನ್ನೂ ತೂಗಬೇಕು. ಗಿಡ್ಡ ತಳಿ ಕಾಳು ಹೆಚ್ಚು ಕೊಟ್ಟರೂ ಕೊಟ್ಟಿಗೆಗೆ ಬರ ತಂದರೆ ರೈತನ ಮನೆಯ ಲೆಕ್ಕದಲ್ಲಿ ಅದು ಪೂರ್ಣ ಲಾಭವಲ್ಲ.

ರಾಗಿಯ ಆಸರೆ

ಹಾಲು ಸಾಲದ ಮನೆಗೆ ಹೊಲವೇ ಇನ್ನೊಂದು ದಾರಿ ಕೊಟ್ಟಿದೆ. ದೇಶದ ರಾಗಿಯಲ್ಲಿ ಅರ್ಧಕ್ಕಿಂತ ಹೆಚ್ಚು ಬೆಳೆಯುವವರು ನಾವು. 2025-26ರ ಹಂಗಾಮಿಗೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂ.; ಅಂದರೆ ಒಂದು ಕಿ.ಗ್ರಾಂ. ರಾಗಿಯೂ ಒಂದು ಲೀಟರು ಹಾಲೂ ಬೆಲೆಯಲ್ಲಿ ಹತ್ತಿರ ಹತ್ತಿರ. ಲೀಟರು ಹಾಲಿನಲ್ಲಿ ಸುಮಾರು 1,200 ಮಿ.ಗ್ರಾಂ. ಸುಣ್ಣದ ಅಂಶವಿದ್ದರೆ, ಕಿ.ಗ್ರಾಂ. ರಾಗಿಯಲ್ಲಿ 3,400 ಮಿ.ಗ್ರಾಂ.ಗೂ ಹೆಚ್ಚು. ಪ್ರೋಟೀನು ಹಾಲಿನಲ್ಲಿ ಸುಮಾರು 32 ಗ್ರಾಂ, ರಾಗಿಯಲ್ಲಿ 70 ಗ್ರಾಂ. ರಾಗಿ ತಿಂದವನು ನಿರೋಗಿ ಎಂಬ ಮಾತು ಬರಿಯ ಅಭಿಮಾನದ ಮಾತಲ್ಲ. ಆದರೆ ರಾಗಿಯ ಸುಣ್ಣವೆಲ್ಲ ಮೈಗೆ ಹತ್ತುವುದಿಲ್ಲ, ಲೈಸೀನ್ ಕಡಿಮೆ, ಬಿ-12 ಇಲ್ಲವೇ ಇಲ್ಲ. ಹೀಗಾಗಿ ರಾಗಿಗೆ ಕಾಳು ಬೇಕು, ಜೊತೆಗೆ ಸ್ವಲ್ಪವಾದರೂ ಹಾಲು ಬೇಕು.

ನಮ್ಮ ಹೆಂಗಸರು ಮಕ್ಕಳಿಗೆ ಮಾಡುತ್ತಿದ್ದ ಮೊಳಕೆ ರಾಗಿಯ ಸರಿ ಬಹು ಶಾಸ್ತ್ರೀಯವಾದುದು. ರಾಗಿಯನ್ನು ಮೊಳಕೆ ಬರಿಸಿದಾಗ ಸುಣ್ಣ, ಕಬ್ಬಿಣಗಳನ್ನು ಹಿಡಿದಿಡುವ ಅಂಶ ಕಡಿಮೆಯಾಗುತ್ತದೆ. ಹಿಟ್ಟು ಬೆಂದಾಗ ಗಟ್ಟಿಯಾಗದೆ ತೆಳುವಾಗಿಯೇ ಇರುತ್ತದೆ. ಆದುದರಿಂದ ಅದೇ ಪುಟ್ಟ ಬಟ್ಟಲಿನಲ್ಲಿ ಹೆಚ್ಚು ಹಿಟ್ಟನ್ನು, ಅಂದರೆ ಹೆಚ್ಚು ಶಕ್ತಿಯನ್ನು ತುಂಬಬಹುದು. ಚಿಕ್ಕ ಹೊಟ್ಟೆಯ ಮಗುವಿಗೆ ಇದು ಬಹಳ ಮುಖ್ಯ. ನಾಲ್ಕು ಪಾಲು ಮೊಳಕೆ ರಾಗಿ, ಒಂದೂವರೆ ಪಾಲು ಹುರಿದ ಹೆಸರುಕಾಳು, ಅರ್ಧ ಪಾಲು ಹುರಿದ ಕಡಲೆಕಾಯಿ ಬೀಜ ಸೇರಿಸಿ ಹಿಟ್ಟು ಮಾಡಿಸಿಟ್ಟುಕೊಳ್ಳಿ. ಬೂಷ್ಟು ಹಿಡಿದ, ಮುಗ್ಗಿದ ಕಡಲೆಬೀಜವನ್ನು ಆರಿಸಿ ಎಸೆಯಬೇಕು, ಅದರಲ್ಲಿ ವಿಷವಿರುತ್ತದೆ. ಈ ಹಿಟ್ಟನ್ನು ಬೇಯಿಸಿ, ಒಂದು ಚಮಚ ಎಣ್ಣೆ ಅಥವಾ ತುಪ್ಪ, ಚೂರು ಬೆಲ್ಲ ಹಾಕಿ ದಿನಕ್ಕೆ ಎರಡು ಮೂರು ಬಾರಿ ಕೊಡಬಹುದು. ವರ್ಷ ತುಂಬಿದ ಮಗುವಾದರೆ ಸ್ವಲ್ಪ ಹಾಲಿನಲ್ಲಿ ಬೇಯಿಸಿದರೆ ಇನ್ನೂ ಉತ್ತಮ. ಮೊಟ್ಟೆ ತಿನ್ನುವ ಮನೆಗಳಲ್ಲಿ ಹಿತ್ತಲಿನ ನಾಲ್ಕು ಕೋಳಿಗಳು ಮಗುವಿನ ಮಟ್ಟಿಗೆ ಒಂದು ಹಸುವಿಗೆ ಸಮ.

ಕೊನೆಯ ಮಾತು

ರೈತ ಬಾಂಧವರಲ್ಲಿ, ಅದರಲ್ಲಿಯೂ ಹಾಲು ಕರೆಯುವ ತಾಯಂದಿರಲ್ಲಿ ನನ್ನ ವಿನಂತಿ ಇಷ್ಟೇ. ಹಾಲು ಕರೆದ ಕೂಡಲೆ, ಸಂಘಕ್ಕೆ ಒಯ್ಯುವ ಕ್ಯಾನಿಗೆ ಸುರಿಯುವ ಮುನ್ನ, ಮನೆಯಲ್ಲಿರುವ ಪ್ರತಿ ಚಿಕ್ಕ ಮಗುವಿಗೂ ಒಂದು ಪಾವು ಹಾಲನ್ನು ಬೇರೆ ಪಾತ್ರೆಗೆ ತೆಗೆದಿಟ್ಟು ಕಾಯಿಸಿರಿ. ಉಳಿದದ್ದನ್ನು ಕೊಡುತ್ತೇನೆ ಎಂದರೆ ಉಳಿಯುವುದಿಲ್ಲ. ಬಿತ್ತನೆ ಬೀಜವನ್ನು ಮೊದಲೇ ತೆಗೆದಿಟ್ಟು ಆಮೇಲೆ ಕಾಳು ಮಾರುವುದು ನಮ್ಮ ಹಿರಿಯರ ಪದ್ಧತಿ. ಎಷ್ಟೇ ಕಷ್ಟ ಬಂದರೂ ಬೀಜದ ಮಡಕೆಗೆ ಕೈ ಹಾಕುತ್ತಿರಲಿಲ್ಲ. ಮಗುವಿನ ಹಾಲಿಗೂ ಅದೇ ನಿಯಮವಿರಲಿ.

ಸಂಘದ ಪದಾಧಿಕಾರಿಗಳು ಮುಂದಿನ ಸರ್ವಸದಸ್ಯರ ಸಭೆಯ ಕಾರ್ಯಸೂಚಿಯಲ್ಲಿ ಬೋನಸ್ಸಿನ ವಿಷಯದ ಜೊತೆಗೆ ಊರಿನ ಚಿಕ್ಕ ಮಕ್ಕಳ ವಿಷಯವನ್ನೂ ಸೇರಿಸಲಿ. ನಮ್ಮ ಊರಿನಲ್ಲಿ ಮೂರು ವರ್ಷದೊಳಗಿನ ಮಕ್ಕಳು ಎಷ್ಟು, ಅವರಲ್ಲಿ ಹಾಲು ಕಾಣದವರು ಎಷ್ಟು ಎಂದು ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಒಂದೇ ದಿನದಲ್ಲಿ ಪಟ್ಟಿ ಸಿಗುತ್ತದೆ.

ಹೋದ ವರ್ಷ ಅದೇ ಹಳ್ಳಿಯ ಹಾದಿಯಲ್ಲಿ ಹೋಗುವಾಗ ಆ ಮನೆಯ ಮುಂದೆ ಜೀಪು ನಿಲ್ಲಿಸಿದೆ. ಅಜ್ಜಿ ಇರಲಿಲ್ಲ. ಅಂದಿನ ಮಗು ಹೈಸ್ಕೂಲಿಗೆ ಹೋಗುತ್ತಿದ್ದಳು. ತರಗತಿಯಲ್ಲಿ ಎಲ್ಲರಿಗಿಂತ ಕುಳ್ಳಗಿದ್ದೇನೆಂದು ನಗುತ್ತ ಹೇಳಿದಳು. ಅವಳ ಕಂಕುಳಲ್ಲಿ ಚಿಕ್ಕಪ್ಪನ ಮಗುವಿತ್ತು. ಮಾತಿನ ನಡುವೆ ಒಳಗೆ ಹೋಗಿ ಹಾಲಿನ ಲೋಟ ತಂದು ಅದಕ್ಕೆ ಕುಡಿಸಿದಳು. ಯಾರು ಹೇಳಿಕೊಟ್ಟರು ಎಂದು ಕೇಳಿದೆ. “ಅಂಗನವಾಡಿ ಅಕ್ಕ ಹೇಳವ್ರೆ ಸಾರ್, ಡೇರಿಗೆ ಹಾಕೋಕ್ ಮುಂಚೆ ಇವನ್ದು ತೆಗ್ದಿಡ್ಬೇಕಂತೆ” ಎಂದಳು. ನಾನು ಹನ್ನೆರಡು ವರ್ಷಗಳ ಹಿಂದೆ ವೇದಿಕೆಯ ಮೇಲೆ ಹೇಳಬೇಕಾಗಿದ್ದ ಮಾತು ಅದೇ.